ಒಂದು ಹಸು, 26 ಸಾಲದಾತರು: ಆನ್‌ಲೈನ್ ಕಿರುಸಾಲದ ಒಂದು ಪ್ರಕರಣ ಅಧ್ಯಯನ

ಕೋಲಾರ–ಚಿಕ್ಕಬಳ್ಳಾಪುರ ಸೀಮೆಯ ಹಳ್ಳಿಯೊಂದರ ಮಹಿಳೆಯೊಬ್ಬರು 2022ರ ಜೂನ್ ತಿಂಗಳಲ್ಲಿ ಹಸು ಕೊಳ್ಳಲೆಂದು ಆನ್‌ಲೈನ್ ವೇದಿಕೆಯೊಂದರ ಮೂಲಕ 50,000 ರೂಪಾಯಿ ಸಾಲ ಪಡೆದರು. ಆ ಹಣ ಬ್ಯಾಂಕಿನದಲ್ಲ. ಬೆಂಗಳೂರು, ಮೈಸೂರು, ಪುಣೆಗಳಲ್ಲಿರುವ 26 ಮಂದಿ 500ರಿಂದ 5,000 ರೂಪಾಯಿಯವರೆಗೆ ಹಾಕಿ ಕೂಡಿಸಿದ ಹಣ. 2023ರ ನವೆಂಬರ್‌ನಲ್ಲಿ ಸಾಲ ಬಡ್ಡಿಸಹಿತ ತೀರಿತು, ಒಬ್ಬರಿಗೂ ಒಂದು ರೂಪಾಯಿ ನಷ್ಟವಾಗಲಿಲ್ಲ. ವೇದಿಕೆಯ ದಾಖಲೆಯಲ್ಲಿ ಇದು ಪೂರ್ತಿ ಮರುಪಾವತಿಯಾದ ಸಾಲ. ಅರ್ಜಿಗಳನ್ನು ಹಳ್ಳಿಯಲ್ಲಿ ಪರಿಶೀಲಿಸಿ ವೇದಿಕೆಗೆ ಕಳಿಸುವ ಸ್ಥಳೀಯ ಸಂಸ್ಥೆಯಲ್ಲಿ ಆಗ ನಾನು ಕೆಲಸ ಮಾಡುತ್ತಿದ್ದೆ. ಈ ಸಾಲದ ಕಡತ ಮೊದಲಿನಿಂದ ಕೊನೆಯವರೆಗೆ ನನ್ನ ಕೈಯಲ್ಲೇ ಇದ್ದುದರಿಂದ, ಆ ಒಂದು ಸಾಲಿನ ದಾಖಲೆಯ ಹಿಂದೆ ನಡೆದದ್ದನ್ನು ಬರೆದಿಡುವುದು ಉಪಯುಕ್ತವೆನಿಸಿದೆ. ಊರು, ಸಂಸ್ಥೆ, ವೇದಿಕೆ ಯಾವುದರ ಹೆಸರನ್ನೂ ಹೇಳುವುದಿಲ್ಲ. ಕೆಲವು ಮೊತ್ತಗಳನ್ನು ದುಂಡಾಗಿಸಿದ್ದೇನೆ. ಸಾಲ ಪಡೆದವರನ್ನು ಅವರ ಸಂಘದಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದರು, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಹಿನ್ನೆಲೆ

ಸಾಮಾನ್ಯ ಜನರ ಸಣ್ಣ ಮೊತ್ತಗಳನ್ನು ದೂರದ ಬಡವರಿಗೆ ಸಾಲವಾಗಿ ತಲುಪಿಸುವ ಈ ಬಗೆಯನ್ನು ಜಗತ್ತಿಗೆ ಪರಿಚಯಿಸಿದ್ದು 2005ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ಕೀವಾ. ಅಲ್ಲಿ 25 ಡಾಲರ್ ಇದ್ದರೆ ಯಾರು ಬೇಕಾದರೂ ಸಾಲ ಕೊಡಬಹುದಿತ್ತು, ಕೊಟ್ಟವರಿಗೆ ಬಡ್ಡಿ ಇಲ್ಲ. ಭಾರತದಲ್ಲಿ ರಂಗ್ ದೇ 2008ರ ಜನವರಿ 26ರಂದು ಆರಂಭವಾಯಿತು. 2010ರಲ್ಲಿ ಬೆಂಗಳೂರಿನ ಮಿಲಾಪ್ ಕೂಡ ಮೊದಲು ಇಂಥ ಸಾಲದ ವೇದಿಕೆಯಾಗಿಯೇ ಹೊರಟು, ಮುಂದೆ ದೇಣಿಗೆ ಸಂಗ್ರಹದ ಕಡೆಗೆ ಹೊರಳಿತು. 2017ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಇಂಥ ವೇದಿಕೆಗಳನ್ನು ಪಿ2ಪಿ (ಪೀರ್ ಟು ಪೀರ್, ಅಂದರೆ ವ್ಯಕ್ತಿಯಿಂದ ವ್ಯಕ್ತಿಗೆ ನೇರ ಸಾಲ) ಎಂಬ ಪ್ರತ್ಯೇಕ ವರ್ಗದ ಹಣಕಾಸು ಕಂಪನಿಗಳನ್ನಾಗಿ ಗುರುತಿಸಿ ನಿಯಮಗಳನ್ನು ಹೊರಡಿಸಿತು. ಒಬ್ಬ ಸಾಲದಾತ ಒಬ್ಬ ಸಾಲಗಾರನಿಗೆ 50,000 ರೂಪಾಯಿಗಿಂತ ಹೆಚ್ಚು ಕೊಡುವಂತಿಲ್ಲ, ಅವಧಿ 36 ತಿಂಗಳು ಮೀರುವಂತಿಲ್ಲ, ಹಣ ಎಸ್ಕ್ರೋ ಖಾತೆಯ (ವೇದಿಕೆಯ ಸ್ವಂತ ಹಣದೊಂದಿಗೆ ಬೆರೆಯದಂತೆ ಪ್ರತ್ಯೇಕವಾಗಿಟ್ಟ ಖಾತೆ) ಮೂಲಕವೇ ಹೋಗಿ ಬರಬೇಕು, ನಗದು ವ್ಯವಹಾರ ಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ಸಾಲ ಮುಳುಗಿದರೆ ಅದನ್ನು ತುಂಬಿಕೊಡುವ ಖಾತರಿಯನ್ನು ವೇದಿಕೆ ತಾನೂ ಕೊಡುವಂತಿಲ್ಲ, ಬೇರೆಯವರಿಂದ ಏರ್ಪಾಟೂ ಮಾಡುವಂತಿಲ್ಲ. ಈ ಕೊನೆಯ ನಿಯಮ ನಮ್ಮ ಪ್ರಕರಣದಲ್ಲಿ ಮತ್ತೆ ಬರುತ್ತದೆ.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಕೀವಾದಲ್ಲಿ ಸಾಲದಾತರು ಗುಂಡಿ ಒತ್ತುವ ಮೊದಲೇ ಬಹುಪಾಲು ಸಾಲಗಳು ವಿತರಣೆಯಾಗಿರುತ್ತವೆ ಎಂಬುದನ್ನು 2009ರಲ್ಲಿ ಸಂಶೋಧಕ ಡೇವಿಡ್ ರೂಡ್‌ಮನ್ ಬಿಡಿಸಿ ಬರೆದಾಗ ದೊಡ್ಡ ಚರ್ಚೆಯಾಗಿತ್ತು. ನಮ್ಮಲ್ಲಿ ಹಾಗಿರಲಿಲ್ಲ. 26 ಮಂದಿಯ ಹಣ ಕೂಡಿದ ಮೇಲೆಯೇ ಅಕ್ಕನ ಖಾತೆಗೆ ಜಮೆಯಾಯಿತು, ಕಾನೂನಿನ ಪ್ರಕಾರ 26 ಮಂದಿಯೂ ಅವರಿಗೆ ನೇರವಾಗಿ ಸಾಲ ಕೊಟ್ಟವರು. ಇದು ಹೆಚ್ಚು ಪ್ರಾಮಾಣಿಕವಾದ ಏರ್ಪಾಡು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಕಷ್ಟ ಬಂದಾಗ 26 ಬಾಗಿಲು ತಟ್ಟಬೇಕಾಗುತ್ತದೆ ಎಂಬುದು ಆಗ ನಮಗೆ ಹೊಳೆದಿರಲಿಲ್ಲ.

ಅರ್ಜಿಯಲ್ಲಿ ಇದ್ದದ್ದು, ಇಲ್ಲದ್ದು

ಅಕ್ಕನ ಮನೆಗೆ ಒಂದೂವರೆ ಎಕರೆ ಖುಷ್ಕಿ ಜಮೀನು, ಅದರಲ್ಲಿ ನೀರು ಬಾರದ ಒಂದು ಕೊಳವೆ ಬಾವಿ. ಗಂಡ ಕೂಲಿಗೆ ಹೋಗುತ್ತಿದ್ದರು, ಮಗ ಐಟಿಐ ಓದುತ್ತಿದ್ದ. ಮನೆಯ ತಿಂಗಳ ಆದಾಯ, ಬರಲಿರುವ ಹಾಲಿನ ಹಣವೂ ಸೇರಿ, 16,000 ರೂಪಾಯಿ ಎಂದು ನಾನು ಬರೆದುಕೊಂಡೆ. ಎರಡು ಕಿರುಸಾಲ ಕಂಪನಿಗಳಿಗೆ ಕಟ್ಟುತ್ತಿದ್ದ ಕಂತು ತಿಂಗಳಿಗೆ 3,800. ನಮ್ಮ ಸಾಲ ವರ್ಷಕ್ಕೆ ಶೇ 12ರ ಇಳಿಕೆ ಬಡ್ಡಿಯಲ್ಲಿ (ಬಾಕಿ ಉಳಿದ ಅಸಲಿಗೆ ಮಾತ್ರ ಬಡ್ಡಿ) 18 ಕಂತಿನದು, ಕಂತು ಸುಮಾರು 3,050. ಒಟ್ಟು 6,850. ಕಿರುಸಾಲಗಳಿಗೆ ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್‌ನಿಂದ ಜಾರಿಗೆ ತಂದ ಚೌಕಟ್ಟಿನಲ್ಲಿ, ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು ಎಂಬ ಮಿತಿ ಇದೆ. ಅದನ್ನೇ ನಾವೂ ಅಳತೆಗೋಲಾಗಿ ಇಟ್ಟುಕೊಂಡಿದ್ದೆವು. 16,000ದ ಅರ್ಧ 8,000, ಅರ್ಜಿ ಪಾಸಾಯಿತು.

ಕಾಗದದ ಮೇಲಿನ ಈ ಲೆಕ್ಕದಲ್ಲಿ ಎರಡು ತಪ್ಪುಗಳಿದ್ದವು. ಮೊದಲನೆಯದು ನನ್ನದು. ದಿನಕ್ಕೆ 10 ಲೀಟರ್ ಡೇರಿಗೆ ಹಾಕಿದರೆ ತಿಂಗಳಿಗೆ ಸುಮಾರು 9,000 ರೂಪಾಯಿ ಬರುತ್ತದೆ ಎಂದು ಪೂರ್ತಿ ಮೊತ್ತವನ್ನೇ ಆದಾಯಕ್ಕೆ ಸೇರಿಸಿದ್ದೆ. ಬೂಸಾ, ಹಿಂಡಿ, ಖನಿಜ ಮಿಶ್ರಣ, ಬೇಸಿಗೆಯಲ್ಲಿ ಕೊಂಡು ತರುವ ಮೇವು ಎಲ್ಲ ಸೇರಿ 5,500 ಖರ್ಚು ಇದೆ ಎಂಬುದನ್ನು ಕಳೆದಿರಲಿಲ್ಲ. ಆ ಸೀಮೆಯಲ್ಲಿ ಹುಟ್ಟಿ ಬೆಳೆದ ನಾನೇ ಈ ತಪ್ಪು ಮಾಡಿದೆ. ನಮೂನೆಯಲ್ಲಿ ಆದಾಯಕ್ಕೆ ಒಂದು ಚೌಕ ಇತ್ತು, ಖರ್ಚಿಗೆ ಇರಲಿಲ್ಲ, ಚೌಕ ತುಂಬಿದ ಕೂಡಲೇ ಕೆಲಸ ಮುಗಿಯಿತೆಂದುಕೊಂಡೆ.

ಎರಡನೆಯದು ಅಕ್ಕ ಹೇಳದೇ ಉಳಿದದ್ದು. ಕೊಳವೆ ಬಾವಿಗಾಗಿ ಊರಿನವರೊಬ್ಬರ ಬಳಿ ಮಾಡಿದ್ದ 30,000 ರೂಪಾಯಿ ಕೈಸಾಲ ಇತ್ತು, ಬಡ್ಡಿ ತಿಂಗಳಿಗೆ ನೂರಕ್ಕೆ ಐದು. ಜನರ ಸಾಲಗಳ ದಾಖಲೆ ಇಡುವ ಕ್ರೆಡಿಟ್ ಬ್ಯೂರೋದ ವರದಿಯಲ್ಲಿ ಇಂಥ ಸಾಲ ಕಾಣುವುದಿಲ್ಲ. ನಮ್ಮ 50,000 ಬಂದ ವಾರದಲ್ಲೇ ಅವರು 15,000 ರೂಪಾಯಿಯನ್ನು ಆ ಕೈಸಾಲಕ್ಕೆ ಕಟ್ಟಿ, ಉಳಿದ 35,000ಕ್ಕೆ ತಮ್ಮ ಉಳಿತಾಯದ 8,000 ಸೇರಿಸಿ 43,000 ರೂಪಾಯಿಯ ಹಸು ತಂದರು. ಎರಡನೇ ಸೂಲಿನ (ಎರಡನೇ ಸಲ ಕರು ಹಾಕಿದ) ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ, ಜೊತೆಗೆ ಎರಡು ತಿಂಗಳ ಹೆಣ್ಣುಗರು. ಶೇ 60ರ ವಾರ್ಷಿಕ ಬಡ್ಡಿಯ ಸಾಲವನ್ನು ಶೇ 12ರ ಸಾಲದಿಂದ ತೀರಿಸುವುದು ಯಾವ ಹಣಕಾಸು ಸಲಹೆಗಾರನೂ ಒಪ್ಪುವ ತೀರ್ಮಾನ. ನಮ್ಮ ನಮೂನೆಯಲ್ಲಿ ಮಾತ್ರ ಅದಕ್ಕೆ ಜಾಗವಿರಲಿಲ್ಲ, ಆದ್ದರಿಂದ ಅದು ಮುಚ್ಚಿಡಬೇಕಾದ ವಿಷಯವಾಯಿತು. ಉಳಿದ ಕೈಸಾಲದ ಬಡ್ಡಿ 750 ಸೇರಿಸಿದರೆ ತಿಂಗಳ ಹೊರೆ 7,600. ಮೇವಿನ ಖರ್ಚು ಕಳೆದ ನಿಜವಾದ ಆದಾಯ 10,500. ಆದಾಯದ ಅರ್ಧದೊಳಗಿದೆ ಎಂದುಕೊಂಡಿದ್ದ ಹೊರೆ ನಿಜದಲ್ಲಿ ನೂರಕ್ಕೆ 72 ಆಗಿತ್ತು.

ಮೊದಲ ಎಡವು ದೊಡ್ಡದೇನಲ್ಲ. ಕಂತು ಪ್ರತಿ ತಿಂಗಳ 5ನೇ ತಾರೀಖಿಗೆ ಖಾತೆಯಿಂದ ತಾನಾಗಿ ಕಡಿತವಾಗುವಂತಿತ್ತು, ಡೇರಿಯ ಬಟವಾಡೆ ಖಾತೆಗೆ ಬರುತ್ತಿದ್ದುದು 8 ಅಥವಾ 9ಕ್ಕೆ. ಆಗಸ್ಟ್‌ನಲ್ಲಿ ಖಾತೆಯಲ್ಲಿ 200 ರೂಪಾಯಿ ಕಡಿಮೆ ಬಿದ್ದು ಕಡಿತ ಬೌನ್ಸ್ ಆಯಿತು, ಬ್ಯಾಂಕ್ ಅದಕ್ಕೆ ದಂಡ ಹಾಕಿತು. ಅಕ್ಕ ಡೇರಿಯ ಪಾಸ್‌ಬುಕ್ ತಂದು ನಮ್ಮ ಮೇಜಿನ ಮೇಲಿಟ್ಟರು. ಬೆಳಿಗ್ಗೆ, ಸಂಜೆ, ಲೀಟರು, ಫ್ಯಾಟು, ಎಲ್ಲ ಸಾಲಾಗಿ ನೀಲಿ ಶಾಯಿಯಲ್ಲಿ ಬರೆದಿತ್ತು. ಬಟವಾಡೆಯ ದಿನಾಂಕಗಳ ಸುತ್ತ ಅವರ ಮಗ ಪೆನ್ಸಿಲಿನಿಂದ ಗುಂಡಗೆ ಗೀಟು ಹಾಕಿದ್ದ. ಕಂತಿನ ದಿನವನ್ನು 12ಕ್ಕೆ ಬದಲಾಯಿಸಲು ವೇದಿಕೆಗೆ ಬರೆದು, ಅದು ಆಗುವ ಹೊತ್ತಿಗೆ ಅಕ್ಟೋಬರ್ ಬಂತು.

ಸಮಸ್ಯೆ

2022ರ ಕೊನೆಯ ತಿಂಗಳುಗಳಲ್ಲಿ ರಾಜ್ಯದ ಜಾನುವಾರುಗಳಿಗೆ ಚರ್ಮಗಂಟು ರೋಗ ಹರಡಿದ್ದು ಹೈನುಗಾರರಿಗೆ ನೆನಪಿರುತ್ತದೆ. ನವೆಂಬರ್ ಮೊದಲ ವಾರ ಅಕ್ಕನ ಹಸುವಿಗೂ ಜ್ವರ ಬಂದು ಮೈತುಂಬ ಗಂಟುಗಳೆದ್ದವು. ಅವರು ವೀಳ್ಯದೆಲೆ, ಕಾಳುಮೆಣಸು, ಉಪ್ಪು ಅರೆದು ಬೆಲ್ಲ ಸೇರಿಸಿ ಉಂಡೆ ಮಾಡಿ ತಿನ್ನಿಸಿದರು, ಪಶು ವೈದ್ಯರನ್ನು ಕರೆಸಿ ಸೂಜಿ ಹಾಕಿಸಿದರು. ಹಸು ಉಳಿಯಿತು, ಆದರೆ ಹಾಲು 10 ಲೀಟರಿನಿಂದ 3ಕ್ಕೆ ಇಳಿಯಿತು, ಮೂರು ತಿಂಗಳ ಗಬ್ಬವಿದ್ದದ್ದು ಕಂದು ಹಾಕಿತು (ಗರ್ಭಪಾತವಾಯಿತು). ಈ ರೋಗದಿಂದ ಸತ್ತ ಹಸುವಿಗೆ ಸರ್ಕಾರ 20,000 ರೂಪಾಯಿ ಪರಿಹಾರ ಘೋಷಿಸಿತ್ತು. ಬದುಕಿಯೂ ಹಾಲು ಬತ್ತಿದ ಹಸು ಯಾವ ಪಟ್ಟಿಗೂ ಸೇರುತ್ತಿರಲಿಲ್ಲ. ವಿಮೆ ಮಾಡಿಸಿರಲಿಲ್ಲ, ಸಾವಿಗೆ ಮಾತ್ರ ಹಣ ಕೊಡುವ ವಿಮೆ ಇದ್ದಿದ್ದರೂ ಅಷ್ಟೇ ಆಗುತ್ತಿತ್ತು.

ಮಾಡಿದ ಪ್ರಯತ್ನಗಳು

ನವೆಂಬರ್ ಕಂತು ಕಟ್ಟಲಾಗಲಿಲ್ಲ. ನಮ್ಮ ಸಂಸ್ಥೆಯ ಹಳೆಯ ಅಭ್ಯಾಸದಂತೆ ನಾವು ಸಂಘದ ಗುರುವಾರದ ಸಭೆಯಲ್ಲಿ ವಿಷಯ ಎತ್ತಿದೆವು. ಸಾಲದ ಕರಾರು ಅಕ್ಕ ಮತ್ತು ಸಾಲದಾತರ ನಡುವಿನದು, ಸಂಘಕ್ಕೆ ಅದರಲ್ಲಿ ಯಾವ ಹೊಣೆಯೂ ಇರಲಿಲ್ಲ. ಆದರೂ ಸಂಘದ ಕಿರುಸಾಲಗಳಲ್ಲಿ ಒಬ್ಬರ ಕಂತು ತಪ್ಪಿದರೆ ಉಳಿದವರು ಕಟ್ಟುವ ರೂಢಿ ಇದ್ದುದರಿಂದ, ನಾವು ಬಾಯಿಬಿಟ್ಟು ಕೇಳುವ ಮೊದಲೇ ಉಳಿದ ಒಂಬತ್ತು ಮಂದಿ ತಲಾ ಸುಮಾರು 340 ರೂಪಾಯಿಯಂತೆ ತೆಗೆದರು. ಡಿಸೆಂಬರ್‌ನಲ್ಲೂ ಹಾಗೆಯೇ. ನಮಗೆ ನಿರಾಳವೆನಿಸಿತು, ವೇದಿಕೆಯಲ್ಲಿ ಸಾಲದ ಮುಂದೆ ಹಸಿರು ಬಣ್ಣ ಉಳಿಯಿತು. 2009ರಲ್ಲಿ ಕೋಲಾರ, ರಾಮನಗರ ಮುಂತಾದೆಡೆ ಜನ ಒಟ್ಟಾಗಿ ಕಿರುಸಾಲದ ಕಂತು ನಿಲ್ಲಿಸಿದ ನೆನಪು ಇರುವ ಸೀಮೆಯಲ್ಲಿ, ಗುಂಪಿನ ಹೊಣೆಯನ್ನು ಹೀಗೆ ಸದ್ದಿಲ್ಲದೆ ಬಳಸಿಕೊಂಡದ್ದು ಈ ಪ್ರಕರಣದಲ್ಲಿ ನಾವು ಮಾಡಿದ ಅತಿ ದೊಡ್ಡ ತಪ್ಪೆಂದು ಈಗ ಅನ್ನಿಸುತ್ತದೆ. ಅದರ ಬೆಲೆ ಕಡೆಯಲ್ಲಿ ಗೊತ್ತಾಯಿತು.

ಜನವರಿಯ ಸಭೆಗೆ ಅಕ್ಕ ಬರಲಿಲ್ಲ. ಮನೆಗೆ ಹೋದಾಗ ಅವರು ಕೈಸಾಲದ ವಿಷಯವನ್ನೂ, ಹಸುವಿನ ನಿಜವಾದ ಬೆಲೆಯನ್ನೂ ಮೊದಲ ಬಾರಿ ಹೇಳಿದರು. ಇಲ್ಲಿ ನಮ್ಮ ಮುಂದೆ ಮೂರು ದಾರಿಗಳಿದ್ದವು. ನನ್ನ ಸಹೋದ್ಯೋಗಿಯೊಬ್ಬರು ಕಂತನ್ನು ಸಂಸ್ಥೆಯ ತುರ್ತು ನಿಧಿಯಿಂದ ಕಟ್ಟಿಬಿಡೋಣ ಎಂದರು. ಅದು ಮೇಲೆ ಹೇಳಿದ ಖಾತರಿಯ ನಿಷೇಧಕ್ಕೆ ವಿರುದ್ಧವಾಗುತ್ತದೆಂದು ವೇದಿಕೆಯವರು ಒಪ್ಪಲಿಲ್ಲ. ನಿಯಮ ಇಲ್ಲದಿದ್ದರೂ ಅದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಹಾಗೆ ಮಾಡಿದ್ದರೆ ಸಾಲದಾತರಿಗೆ ಹಳ್ಳಿಯಲ್ಲಿ ಏನಾಗಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಎರಡನೆಯದು ಸಂಘವನ್ನೇ ಮತ್ತೆ ಒತ್ತಾಯಿಸುವುದು. ಮೂರನೆಯದು ಸಾಲದಾತರಿಗೆ ಇದ್ದದ್ದನ್ನು ಇದ್ದಂತೆ ಬರೆದು ಕಂತಿಗೆ ವಿರಾಮ ಕೇಳುವುದು.

ಮೂರನೆಯದನ್ನು ಆರಿಸಿದೆವು. ಆದರೆ ಕೈಸಾಲದ ಸಂಗತಿ ಅಕ್ಕನ ಮನೆಯ ಗುಟ್ಟು, ಅದನ್ನು ಅವರ ಒಪ್ಪಿಗೆಯಿಲ್ಲದೆ 26 ಅಪರಿಚಿತರಿಗೆ ಹೇಳುವಂತಿರಲಿಲ್ಲ. ಕೇಳಿದಾಗ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರೀರಿ ಸಾರ್, ಆದ್ರೆ ಫೋಟೋ ತೆಗೆದುಬಿಡಿ” ಎಂದರು. ವೇದಿಕೆಯ ಪುಟದಲ್ಲಿದ್ದ, ಅಕ್ಕ ನಗುತ್ತಿದ್ದ ಆ ಚಿತ್ರವನ್ನು ನೋಡಿಯೇ ಹಲವರು ಹಣ ಹಾಕಿದ್ದರು. ವೇದಿಕೆಯವರು ಎರಡು ದಿನ ಚರ್ಚಿಸಿ ಅದನ್ನು ಪುಟದಿಂದ ತೆಗೆದುಹಾಕಿದರು, ಪತ್ರ ಹೋದದ್ದು ಅದರ ನಂತರ.

ನಾವು ಕೇಳಿದ್ದು ಜನವರಿಯಿಂದ ಏಪ್ರಿಲ್‌ವರೆಗೆ ನಾಲ್ಕು ತಿಂಗಳ ವಿರಾಮ, ಆಮೇಲೆ ಕೆಲವು ತಿಂಗಳು ಅರ್ಧ ಕಂತು. 19 ಮಂದಿ ಒಪ್ಪಿದರು, ಮೂವರು ನಿರಾಕರಿಸಿದರು, ನಾಲ್ವರಿಂದ ಉತ್ತರವಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದು ನಾನು ತಮಾಷೆಗೆ ಹೇಳಿದ್ದನ್ನು ವೇದಿಕೆಯ ಕಾನೂನು ವಿಭಾಗದವರು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ; ಪ್ರತಿಯೊಬ್ಬರ ಸ್ಪಷ್ಟ ಒಪ್ಪಿಗೆ ಬೇಕೆಂದರು. ನಾಲ್ವರಿಗೂ ಫೋನ್ ಮಾಡಿದೆವು, ನಾಲ್ವರೂ ಒಪ್ಪಿದರು. ಅವರಲ್ಲಿ ಒಬ್ಬರಿಗೆ ತಾವು 500 ರೂಪಾಯಿ ಸಾಲ ಕೊಟ್ಟದ್ದೇ ಮರೆತುಹೋಗಿತ್ತು.

ನಿರಾಕರಿಸಿದ ಮೂವರನ್ನು ಕಲ್ಲೆದೆಯವರೆಂದು ಬಗೆಯುವುದು ಅನ್ಯಾಯವಾದೀತು. ಒಬ್ಬರು ನಿವೃತ್ತರು, ಇದನ್ನು ಬ್ಯಾಂಕ್ ಠೇವಣಿಯಂಥದ್ದೇ ಎಂದು ತಿಳಿದಿದ್ದರು. ಹಾಗೆ ತಿಳಿಯುವಂತೆಯೇ ಆಗ ಹಲವು ವೇದಿಕೆಗಳ ಪ್ರಚಾರವಿತ್ತು. 2024ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ನಿಯಮಗಳನ್ನು ಬಿಗಿಗೊಳಿಸಿ, ಪಿ2ಪಿ ಸಾಲವನ್ನು ಖಚಿತ ಲಾಭದ ಹೂಡಿಕೆಯೆಂದು ಮಾರುವಂತಿಲ್ಲ ಎಂದಿತು. ಇನ್ನೊಬ್ಬರು ಕೈಸಾಲ ಮುಚ್ಚಿಟ್ಟದ್ದಕ್ಕೆ ಸಿಟ್ಟಾಗಿದ್ದರು, ಅವರ ಸಿಟ್ಟಿಗೆ ಕಾರಣವಿತ್ತು. ಈ ಮೂವರ ಪಾಲು ಒಟ್ಟು 6,500 ರೂಪಾಯಿ, ಕಂತಿನಲ್ಲಿ ಅವರ ಭಾಗ ಸುಮಾರು 400. ಅವರಿಗೆ ಮೊದಲಿನಂತೆಯೇ ಕಟ್ಟುತ್ತ ಹೋಗಲು ಅಕ್ಕ ಒಪ್ಪಿದರು. ಆದರೆ ವೇದಿಕೆಯ ತಂತ್ರಾಂಶಕ್ಕೆ ಒಂದು ಸಾಲಕ್ಕೆ ಒಂದೇ ಕಂತಿನ ಪಟ್ಟಿ ಮಾತ್ರ ಗೊತ್ತಿತ್ತು. ಒಂದೇ ಸಾಲವನ್ನು ಎರಡು ಪಟ್ಟಿಗಳಾಗಿ ಒಡೆಯಲು ಮೂರು ವಾರ ಹಿಡಿಯಿತು.

ಒಪ್ಪಿಗೆ ಕೊಟ್ಟವರಲ್ಲಿ ಒಬ್ಬರ ಉತ್ತರ ನನ್ನನ್ನು ಈಗಲೂ ಚುಚ್ಚುತ್ತದೆ. ಅವರು ಮಂಡ್ಯ ಕಡೆಯ ಹೈನುಗಾರರ ಮನೆಯಿಂದ ಬಂದು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವರು, ಹಾಕಿದ್ದು 1,000 ರೂಪಾಯಿ. “ಒಪ್ಪಿಗೆ ಇದೆ. ಆದರೆ ಹಸು ಕಂದು ಹಾಕಿದ್ದು ಯಾವಾಗ, ಮತ್ತೆ ಗಬ್ಬ ಕಟ್ಟಿದೆಯಾ? ನಾಲ್ಕು ತಿಂಗಳು ಸಾಕು ಅಂತ ಯಾವ ಲೆಕ್ಕದಲ್ಲಿ ಹೇಳುತ್ತಿದ್ದೀರಿ?” ಎಂದು ಬರೆದಿದ್ದರು. ನಾವು ಧನ್ಯವಾದ ಹೇಳಿ ಮುಂದಕ್ಕೆ ಹೋದೆವು. ನಾಲ್ಕು ತಿಂಗಳು ಎಂಬುದಕ್ಕೆ ನಮ್ಮಲ್ಲಿ ಯಾವ ಲೆಕ್ಕವೂ ಇರಲಿಲ್ಲ, ಮಾರ್ಚ್ ದಾಟಿದರೆ ಹಣಕಾಸು ವರ್ಷದ ವರದಿ ಮುಗಿಯುತ್ತದೆ ಎಂಬುದೊಂದನ್ನು ಬಿಟ್ಟು.

ನಡೆದದ್ದು

ಫೆಬ್ರವರಿ ಕೊನೆಯಲ್ಲಿ ಹಸುವಿಗೆ ಗಬ್ಬ ನಿಂತಿತು. ಹಸುವಿನ ಗರ್ಭಾವಧಿ ಸುಮಾರು 280 ದಿನ, ಅಂದರೆ ಕರು ಹಾಕುವುದು ಡಿಸೆಂಬರ್ ಆರಂಭದಲ್ಲಿ. ಅಲ್ಲಿಯವರೆಗೆ ಹಾಲು 5 ಲೀಟರ್ ದಾಟುವುದಿಲ್ಲ, ಕೊನೆಯ ಎರಡು ತಿಂಗಳು ಕರೆಯುವುದನ್ನೇ ನಿಲ್ಲಿಸಬೇಕು. ನಮ್ಮ ವಿರಾಮ ಏಪ್ರಿಲ್‌ಗೆ ಮುಗಿದಿತ್ತು. ಮೇ ತಿಂಗಳಿಂದ ಮೂವರಿಗೆ ಪೂರ್ತಿ, ಉಳಿದವರಿಗೆ ಅರ್ಧ, ಒಟ್ಟು ಸುಮಾರು 1,725 ರೂಪಾಯಿಯನ್ನು ಅಕ್ಕ ಒಂದು ತಿಂಗಳೂ ತಪ್ಪಿಸದೆ ಕಟ್ಟಿದರು. ಸರ್ಕಾರದ ಲೀಟರಿಗೆ ಐದು ರೂಪಾಯಿಯ ಪ್ರೋತ್ಸಾಹಧನ ಬಂದ ತಿಂಗಳು ಕೈಗೆ ಸ್ವಲ್ಪ ಸಡಿಲ, ಬಾರದ ತಿಂಗಳು ಗಂಡನ ಕೂಲಿಯಿಂದ ಭರ್ತಿ. ಹೊರಗಿನಿಂದ ನೋಡಿದರೆ ಎಲ್ಲವೂ ಹಳಿಗೆ ಬಂದಂತಿತ್ತು.

ನವೆಂಬರ್ ಎರಡನೇ ವಾರ ವೇದಿಕೆಯಿಂದ ಸಂದೇಶ ಬಂತು: ಬಾಕಿ ಪೂರ್ತಿ, 25,000 ರೂಪಾಯಿಗಿಂತ ತುಸು ಹೆಚ್ಚು, ಒಂದೇ ಸಲಕ್ಕೆ ಜಮೆಯಾಗಿದೆ. ಖುಷಿಯಿಂದಲೇ ಹಳ್ಳಿಗೆ ಹೋದೆ. ಕೊಟ್ಟಿಗೆಯಲ್ಲಿ ಹಸು ಇರಲಿಲ್ಲ. ತುಂಬು ಗಬ್ಬದ ಹಸುವನ್ನು ಪಕ್ಕದ ಊರಿನವರಿಗೆ 52,000ಕ್ಕೆ ಮಾರಿ, ನಮ್ಮ ಬಾಕಿ ತೀರಿಸಿ, ಸಂಘದವರು ಎರಡು ತಿಂಗಳು ಕಟ್ಟಿದ್ದ 6,100 ರೂಪಾಯಿಯನ್ನು ಗುರುವಾರದ ಸಭೆಯಲ್ಲಿ ಎಲ್ಲರೆದುರು ಎಣಿಸಿ ಕೊಟ್ಟಿದ್ದರು. ಉಳಿದ ಸುಮಾರು 20,000ದಲ್ಲಿ ಕೈಸಾಲದ 15,000 ಮುಗಿದಿತ್ತು.

ಇನ್ನು ಮೂರು ವಾರ ತಡೆದಿದ್ದರೆ ಕರು, ಹಾಲು ಎರಡೂ ಮನೆಗೆ ಬರುತ್ತಿತ್ತಲ್ಲ ಎಂದು ಕೇಳಿದೆ. “ನಿಮ್ ಕಂತು ಕಟ್ಕೊಂಡು ಹೋಗ್ತಿದ್ದೆ ಸಾರ್, ಅದೇನು ಕಷ್ಟ ಇರ್ಲಿಲ್ಲ. ಸಂಘದವ್ರ ದುಡ್ಡು ವರ್ಷ ಆಯ್ತು. ಅವ್ರು ಕೇಳ್ಲಿಲ್ಲ, ಕೇಳಿದ್ರೆ ವಾಸಿಯಾಗ್ತಿತ್ತು” ಎಂದರು. ಸಾಲದಾತರು ಕಾಯಲು ಒಪ್ಪಿದ್ದರು, ಕರಾರಿನಲ್ಲೇ ಇಲ್ಲದ 6,100 ರೂಪಾಯಿ ಮಾತ್ರ ಕಾಯಲಿಲ್ಲ. ಅದನ್ನು ಅಕ್ಕನ ಮೇಲೆ ಹೊರಿಸಿದ್ದು ನಾವು.

ನಂತರ ಬದಲಾದದ್ದು

ಹೈನುಗಾರಿಕೆಯ ಅರ್ಜಿಗಳಲ್ಲಿ ಈಗ ಹಸು ಎಷ್ಟನೇ ಸೂಲಿನದು, ಕರು ಹಾಕಿ ಎಷ್ಟು ದಿನ, ಗಬ್ಬ ನಿಂತ ದಿನ ಯಾವುದು ಎಂಬ ಮೂರು ಪ್ರಶ್ನೆಗಳಿವೆ. ಇವು ಆ ಮಂಡ್ಯದ ಸಾಲದಾತರಿಂದ ಬಂದವು, ಅವರಿಗೆ ಇದನ್ನು ತಿಳಿಸಿಯೂ ಇದ್ದೇವೆ. ಹಾಲು ಬತ್ತುವ ಎರಡು ತಿಂಗಳು ಕಂತು ಇಲ್ಲದಂತೆ ಪಟ್ಟಿಯನ್ನು ಮೊದಲೇ ಹಾಕುತ್ತೇವೆ, ಹಾಗಾಗಿ ಅಷ್ಟಕ್ಕಾದರೂ ಯಾರ ಬಾಗಿಲನ್ನೂ ತಟ್ಟಬೇಕಿಲ್ಲ. ಮೂರು ತಿಂಗಳ ಡೇರಿ ಪಾಸ್‌ಬುಕ್ ನೋಡಿ, ಮೇವಿನ ಖರ್ಚು ಕಳೆದೇ ಆದಾಯ ಬರೆಯುತ್ತೇವೆ. ಕೈಸಾಲವಿದ್ದರೆ ಅದನ್ನು ತೀರಿಸಲೆಂದೇ ಸಾಲದ ಒಂದು ಭಾಗವನ್ನು ಕೇಳಬಹುದು, ಆ ಭಾಗ ಸಾಲದಾತರಿಗೆ ‘ಹಳೆಯ ಸಾಲ’ ಎಂದಷ್ಟೇ ಕಾಣುತ್ತದೆ. ಅಚ್ಚರಿಯೆಂದರೆ, ಹಾಗೆ ಬರೆದ ಅರ್ಜಿಗಳಿಗೆ ಹಣ ಕೂಡುವುದು ತುಸು ನಿಧಾನವಾದರೂ ಕೂಡುತ್ತದೆ. ಬರ, ರೋಗಗಳ ಸಂದರ್ಭದ ವಿರಾಮಕ್ಕೆ ಸಾಲದಾತರ ಒಪ್ಪಿಗೆಯನ್ನು ಹಣ ಹಾಕುವಾಗಲೇ ಪಡೆಯಬೇಕೆಂಬ ನಮ್ಮ ಸಲಹೆಯನ್ನು ವೇದಿಕೆ ಅರ್ಧ ಒಪ್ಪಿದೆ, ಕರಾರಿನಲ್ಲಿ ಇನ್ನೂ ಸೇರಿಸಿಲ್ಲ. ಸಂಘದ ಸಭೆಯಲ್ಲಿ ಇಂಥ ಸಾಲಗಳ ಮಾತೆತ್ತುವುದನ್ನು ಪೂರ್ತಿ ನಿಲ್ಲಿಸಿದ್ದೇವೆ.

ವೇದಿಕೆಯ ಪುಟದಲ್ಲಿ ಈ ಸಾಲದ ಮುಂದೆ ಈಗಲೂ ‘ಪೂರ್ತಿ ಮರುಪಾವತಿ’ ಎಂದೇ ಇದೆ. ಹಸು ಏನಾಯಿತು ಎಂದು ಬರೆಯಲು ಅಲ್ಲಿ ಜಾಗವಿಲ್ಲ.

ಹಸುವಿನೊಂದಿಗೆ ಬಂದಿದ್ದ ಹೆಣ್ಣುಗರುವನ್ನು ಅಕ್ಕ ಮಾರಿರಲಿಲ್ಲ. ನಾನು ಹೋದ ದಿನ ಅದು ಖಾಲಿ ಗೂಟದ ಪಕ್ಕದಲ್ಲಿ ಕಟ್ಟಿಸಿಕೊಂಡು ರಾಗಿಹುಲ್ಲು ಮೇಯುತ್ತಿತ್ತು, ಬೆನ್ನಿನ ಮೇಲೆ ಹಳೆಯ ಗಂಟುಗಳ ಗುರುತು ಕಾಣುತ್ತಿತ್ತು. ಬರುವ ತಿಂಗಳು ಬೆದೆಗೆ ಬಂದರೆ ಗಬ್ಬಕ್ಕೆ ಸೂಜಿ ಹಾಕಿಸುವುದಾಗಿ ಅಕ್ಕ ಹೇಳಿದರು. ಇದಕ್ಕೆ ಸಾಲ ಬೇಕೇ ಎಂದು ನಾನೂ ಕೇಳಲಿಲ್ಲ, ಅವರೂ ಆ ಮಾತೆತ್ತಲಿಲ್ಲ.